ಸಿಗ್ನಲಮ್ಮನ ದಿಬ್ಬದ ಬರಿಗಂಬ

ಹಾಲುಮಡುವಿನ ಕೆರೆಯ ಏರಿಯ ತೆಂಕಣ ತುದಿಯಲ್ಲಿ ಸಿಗ್ನಲಮ್ಮನ ದಿಬ್ಬವಿದೆ. ಅಮ್ಮನೆಂಬ ಹೆಸರಿದ್ದರೂ ಅಲ್ಲಿ ಗುಡಿಯಿಲ್ಲ, ಕುಂಕುಮದ ಕಲೆಯೂ ಇಲ್ಲ. ಇರುವುದು ಒಂದು ಕಬ್ಬಿಣದ ಬರಿಗಂಬ. ಅದಕ್ಕೆ ಕೈಮುಗಿಯಲು ಹೋದ ಹೊಸಬರ ಕೈಗಳನ್ನು ಊರಿನವರು ಹಿಡಿದು ಇಳಿಸುತ್ತಾರೆ.

ಹಿಂದೆ, ಬಿಳಿಯರ ಆಳ್ವಿಕೆಯಲ್ಲಿ, ಕೆರೆ ದುರಸ್ತಿಗೆ ಬಂದಿದ್ದ ದೊರೆಯೊಬ್ಬ ಈ ಕಂಬ ನೆಡಿಸಿದನೆನ್ನುತ್ತಾರೆ. ಏರಿಗೆ ಅಪಾಯ ಬಂದರೆ ಕಂಬಕ್ಕೆ ಕೆಂಪು ಬಾವುಟ ಏರಬೇಕು, ಅದನ್ನು ಕಂಡೊಡನೆ ಕೆಳಗಿನ ತೋಪಿನಹಟ್ಟಿಯವರು ದಿಬ್ಬ ಹತ್ತಬೇಕು. ಬಾವುಟ ಏರಿಸುವ ಕೆಲಸ, ಕೆರೆಯ ನೀರು ಕಾಯುತ್ತಿದ್ದು ತೀರಿಕೊಂಡ ನೀರಗಂಟಿಯ ಹೆಂಡತಿ ಬೊಮ್ಮವ್ವನ ಪಾಲಿಗೆ ಬಂತು. ಸಿಗ್ನಲ್ ಎಂದರೇನೆಂದು ಅವಳು ದೊರೆಯ ಗುಮಾಸ್ತನನ್ನು ಬಿಡದೆ ಕೇಳಿದಳು. ಕಾಗದಕ್ಕೆ ಹಾಕುವ ಸೈನು, ಬಾವುಟದ ಸಿಗ್ನಲ್ಲು ಎರಡೂ ಒಂದೇ ಬೇರಿನ ಮಾತುಗಳು, ಬೇರಿನ ಅರ್ಥ ಗುರುತು ಎಂದ ಆತ. "ಗುರುತನ್ನೇ ನೋಡ್ತಾ ನಿಲ್ಲಬಾರದು ಕಣಮ್ಮ. ಅದು ಏನು ಹೇಳ್ತದೋ ಅದನ್ನ ನೋಡಬೇಕು." ಬೊಮ್ಮವ್ವ ಅದನ್ನು ಮನಸ್ಸಿನಲ್ಲಿ ಗಂಟುಹಾಕಿಕೊಂಡಳು.

ಹನ್ನೆರಡು ವರ್ಷ ಏರಿಗೆ ಏನೂ ಆಗಲಿಲ್ಲ. ಅದು ಬೊಮ್ಮವ್ವನ ಪೆಟ್ಟಿಗೆಯಲ್ಲಿದ್ದ ಬಾವುಟದ ಮಹಿಮೆಯೆಂದು ಹಟ್ಟಿಯವರು ನಂಬಿದರು, ಸಿಗ್ನಲಮ್ಮ ಎಂದು ಕರೆದು ಕಂಬಕ್ಕೆ ಕುಂಕುಮ ಹಚ್ಚಿದರು. ಬಾವುಟ ಏರಿಸಿ ದರ್ಶನ ಕೊಡಿಸೆಂದವರನ್ನೆಲ್ಲ ಬೊಮ್ಮವ್ವ ಬೈದು ಕಳಿಸುತ್ತಿದ್ದಳು. ಕೊನೆಗೆ ಹಟ್ಟಿಗೆ ಮದುವೆಮಾಡಿ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಸಿರಿಯವ್ವ, ತುಂಬು ಬಸುರಿ, ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು.

"ಬಟ್ಟೆ ಚೂರು ಕಣೇ ಅದು, ಸೂಲಗಿತ್ತಿ ಅಲ್ಲ," ಎಂದಳು ತಾಯಿ.

"ಎರಡು ಕೂಸು ಮಣ್ಣು ಮಾಡಿದೀನಿ ಕಣವ್ವ. ಇದೊಂದು ಸಲ ಏರಿಸು."

ಬೊಮ್ಮವ್ವ ಏರಿಸಿದಳು. ಕೂಸು ಉಳಿಯಿತು. ಆಮೇಲೆ ಹಟ್ಟಿಯವರ ಒತ್ತಾಯಕ್ಕೆ ಪ್ರತಿ ಮಂಗಳವಾರ ಏರಿಸದೆ ವಿಧಿಯಿರಲಿಲ್ಲ.

ಒಂದು ಶ್ರಾವಣದ ಗುರುವಾರ ಮಧ್ಯಾಹ್ನ, ತೂಬಿನ ಕೆಳಗೆ ಸದಾ ತಿಳಿಯಾಗಿ ಜಿನುಗುತ್ತಿದ್ದ ನೀರು ಕೆಂಪಾಗಿ ಬರುವುದನ್ನು ಅವಳು ಕಂಡಳು. ಏರಿಯ ಹೊಟ್ಟೆಯೊಳಗಿನ ಮಣ್ಣು ಕರಗಿ ಹೋಗುತ್ತಿತ್ತು. ಓಡಿಹೋಗಿ ಬಾವುಟ ಏರಿಸಿದಳು. ಹಟ್ಟಿಯವರು ಅಂಗಳಕ್ಕೆ ಬಂದರು. ವಾರವಲ್ಲದ ವಾರದಲ್ಲಿ ಅಮ್ಮ ದರ್ಶನ ಕೊಟ್ಟಳೆಂದು ಕೈಮುಗಿದು ನಿಂತರು. ಬೊಮ್ಮವ್ವನ ಕೂಗನ್ನು ಗಾಳಿ ನುಂಗಿತು. ಕೂಸನ್ನು ಸೊಂಟದಲ್ಲಿ ಹೊತ್ತ ಮಗಳು ಆರತಿ ಎತ್ತುತ್ತಿರುವುದು ಮೇಲಿನಿಂದ ಕಾಣುತ್ತಿತ್ತು. ಇಳಿದು ಹೋಗಿ ಎಲ್ಲರನ್ನೂ ಹತ್ತಿಸಿಕೊಂಡು ಬರುವಷ್ಟು ಹೊತ್ತಿರಲಿಲ್ಲ. ಬೊಮ್ಮವ್ವ ಬಾವುಟವನ್ನು ಕಿತ್ತಿಳಿಸಿ, ಪೂಜೆಗೆಂದು ತಂದಿಟ್ಟ ಎಣ್ಣೆ ಸುರಿದು, ದಿಬ್ಬದ ಮೇಲಿನ ತನ್ನ ಗುಡಿಸಲಿನ ಒಲೆಯ ಕೊಳ್ಳಿಯಿಂದ ಬೆಂಕಿಯಿಟ್ಟು, ಎಲ್ಲರಿಗೂ ಕಾಣುವಂತೆ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಳು.

"ಅಮ್ಮನ್ನೇ ಸುಟ್ಟಳು ಮುಂಡೆ, ಹಿಡೀರಿ ಅವಳನ್ನ" ಎನ್ನುತ್ತ ಹಟ್ಟಿಯೇ ದೊಣ್ಣೆ ಹಿಡಿದು ದಿಬ್ಬ ಹತ್ತಿತು. ಮೊದಲ ಏಟು ಅವಳ ಹೆಗಲಿಗೆ ಬೀಳುವುದಕ್ಕೂ, ಅವರ ಬೆನ್ನ ಹಿಂದೆ ಏರಿ ಒಡೆಯುವುದಕ್ಕೂ ಸರಿಹೋಯಿತೆನ್ನುತ್ತಾರೆ. ಹೊಡೆಯಲು ಬಂದವರೆಲ್ಲ ಉಳಿದರು. ಸಿರಿಯವ್ವ ಬಂದಿರಲಿಲ್ಲ. ತಾಯಿಯ ತಪ್ಪು ಮನ್ನಿಸೆಂದು ಸಿಗ್ನಲಮ್ಮನನ್ನು ಬೇಡುತ್ತ, ಕೂಸನ್ನು ಪಕ್ಕದಲ್ಲಿ ಮಲಗಿಸಿ, ಅಂಗಳದಲ್ಲೇ ಅಡ್ಡಬಿದ್ದಿದ್ದಳು.

ಏರಿಯನ್ನು ಮತ್ತೆ ಕಟ್ಟಿದ್ದಾರೆ, ಹಟ್ಟಿಯೂ ಅಲ್ಲೇ ಇದೆ. ದಿಬ್ಬ ಹತ್ತಿದವರು ಇಂದಿಗೂ ಕಂಬಕ್ಕೆ ಬೆನ್ನುಹಾಕಿ, ಏರಿಯತ್ತ ಮುಖಮಾಡಿ ನಿಲ್ಲುತ್ತಾರೆ. ತೂಬಿನ ಕೆಳಗೆ ನೀರು ಈಗಲೂ ಜಿನುಗುತ್ತದೆ. ದಿಬ್ಬ ಇಳಿದು ಬಂದವರು ಯಾರೇ ಆಗಲಿ, ಊಟವಾಯಿತೇ ಎನ್ನುವುದಕ್ಕೂ ಮೊದಲು ಹಟ್ಟಿಯವರು ಕೇಳುವುದು ಒಂದೇ ಮಾತು: "ನೀರು ತಿಳಿ ಐತಾ?"