ಬಾಗಿಲಿಲ್ಲದ ಕೋಣೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಸಂಗಯ್ಯಜ್ಜನವರ ಕೋಣೆಗೆ ಬಾಗಿಲಿರಲಿಲ್ಲ. ಬರೀ ಚೌಕಟ್ಟು.

ಯಾರಾದರೂ ತಮ್ಮ ದುಃಖ ಹೇಳಿಕೊಳ್ಳಲು ಬಂದರೆ, ಹತ್ತಿರವಿದ್ದ ಶಿಷ್ಯರು ಕೊಡ ಎತ್ತಿಕೊಂಡು ಹೊಳೆಗೆ ಇಳಿಯುತ್ತಿದ್ದರು. ಬಂದವರು ಎದ್ದು ಹೋದ ಮೇಲೆಯೇ ವಾಪಸು ಬರುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ತುಂಬಿದ ಕೊಡವನ್ನೇ ಚೆಲ್ಲಿ ಮತ್ತೆ ತುಂಬಲು ಹೋಗುವವರೂ ಇದ್ದರು.

ನೀಲಾಂಬಿಕಾ ಅಲ್ಲೇ ಬೆಳೆದವಳು. ಈಗ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಉಪಗ್ರಹಗಳ ಮೂಲಕ ಹೋಗಿಬರುವ ಮಾತುಕತೆ ಎಷ್ಟು ಭದ್ರ ಎಂದು ಪರೀಕ್ಷಿಸುವುದು ಅವಳ ಕೆಲಸ.

ಒಂದು ಬೆಳಿಗ್ಗೆ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

“ಯಾಕವಾ ನೀಲಾ, ಏನಾತು?”

“ಕೈಕಾಲೇ ಆಡವಲ್ವು ಅಜ್ಜಾರ.”

“ಕುಂದ್ರು. ನೀರು ಕುಡಿ. ಆಮ್ಯಾಲೆ ಹೇಳು.”

ಅವಳು ಕುಳಿತಳು. ನೀರು ಮುಟ್ಟಲಿಲ್ಲ.

“ನಮ್ಮ ವಿಭಾಗದ ಮಾಳಗಿ ಮ್ಯಾಲೆ ಒಂದು ಡಿಶ್ ಇಟ್ಟೀವಿ. ಮನಿಯಾಗ ಟಿವಿಗೆ ಹಾಕ್ತಾರಲ್ಲ, ಅಂಥಾದ್ದ. ಉಪಗ್ರಹದಿಂದ ಇಳಿಯೂ ಮಾತಿಗೆಲ್ಲಾ ಕೀಲಿ ಹಾಕಿರ್ತಾರ, ನಮಗೇನೂ ತಿಳಿಯಂಗಿಲ್ಲ ಅನ್ಕೊಂಡಿದ್ದೆ. ಕೀಲೀನ ಇಲ್ರಿ! ಹಡಗಿನ್ಯಾಗಿದ್ದಾವ ಹೆಂಡ್ತಿ ಕೂಡ ಜಗಳಾಡೂದು, ಯಾರೋ ಆಸ್ಪತ್ರಿಗೆ ಫೋನ್ ಮಾಡಿ ಅಳೂದು, ಎಲ್ಲಾ ನಮ್ಮ ಮಾಳಗಿ ಮ್ಯಾಲೆ ಬಂದು ಬೀಳಾಕತ್ತೈತಿ.”

“ಕೀಲಿ ಯಾಕ ಹಾಕಿಲ್ಲಂತ?”

“ಕಂಪನಿಯವರನ್ನ ಕೇಳಿದೆ. ಅಷ್ಟು ಮ್ಯಾಲೆ ಯಾರು ನೋಡಾಕ ಹೋಗ್ತಾರ ಅಂದ್ರು.”

ಅಜ್ಜ ನಕ್ಕುಬಿಟ್ಟರು. ನೀಲಾಗೆ ನಗು ಬರಲಿಲ್ಲ.

“ನಗಬ್ಯಾಡ್ರಿ. ಮುಂದಿನ ವಾರ ದೊಡ್ಡ ಸಭಾ ಐತಿ. ಕಂಪನಿಯವರೂ ಬರ್ತಾರ. ಬರೇ ಬಾಯಲೆ ಹೇಳಿದ್ರ ನಂಬೂದಿಲ್ಲ ಅವರು. ಒಂದು ಮಾತುಕತಿ ಹಿಡದಿಟ್ಟೀನಿ. ಎಲ್ಲಾರ ಮುಂದ ಕೇಳಿಸಿಬಿಡ್ತೀನಿ. ಆವಾಗ ಬೆಚ್ಚಿ ಬೀಳ್ತಾರ.”

“ಯಾರದು ಆ ಮಾತುಕತಿ?”

ನೀಲಾ ತಲೆ ತಗ್ಗಿಸಿದಳು.

“ನಿಮ್ಮದರಿ.”

ಅಜ್ಜನ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

ಗುಡ್ಡಗಳ ನಡುವಿನ ಆ ಆಶ್ರಮದಲ್ಲಿ ಮೊಬೈಲ್ ಹಿಡಿಯುತ್ತಿರಲಿಲ್ಲ. ಭಕ್ತರೊಬ್ಬರು ಉಪಗ್ರಹಕ್ಕೆ ಜೋಡಿಸಿದ ಫೋನು ಹಾಕಿಸಿಕೊಟ್ಟಿದ್ದರು. ಅದರಲ್ಲೇ ಅಜ್ಜ ಹುಬ್ಬಳ್ಳಿಯ ಡಾಕ್ಟರರೊಡನೆ ಮಾತಾಡಿದ್ದರು.

“ಡಾಕ್ಟರು ಹೇಳಿದ್ದು ಖರೇ ಏನ್ರಿ?” ನೀಲಾ ಅಳತೊಡಗಿದಳು. “ಇನ್ನ ಔಷಧದಿಂದ ಆಗೂದಿಲ್ಲಂತ... ಹುಡುಗ್ರಿಗೆ ನಾನ ಹೇಳ್ತೀನಿ, ನೀವು ಹೇಳಬ್ಯಾಡ್ರಿ ಅಂತ ನೀವು ಅವರಿಗೆ ಅಂದ್ರಲ್ಲ ಅಜ್ಜಾರ.”

“ಖರೇ. ನಿನಗ ಎಲ್ಲಾರಕಿಂತ ಮೊದಲ ಹೇಳಬೇಕಂತ ಮಾಡಿದ್ದೆ.”

ಅಜ್ಜನ ದನಿ ಸಣ್ಣದಾಗಿತ್ತು. ಅವರು ಹೀಗೆ ಪೆಟ್ಟು ತಿಂದವರ ಹಾಗೆ ಕೂತದ್ದನ್ನು ನೀಲಾ ಎಂದೂ ನೋಡಿರಲಿಲ್ಲ.

“ಬ್ಯಾರೆಯವರದು ಕೇಳಿಸಿದ್ರ ತಪ್ಪಾಕೈತಿ ಅನಸ್ತು. ನೀವಾದ್ರ ಒಪ್ಪತೀರಿ ಅಂತ ಅನುಮತಿ ಬೇಡಾಕ ಬಂದೆ.”

“ನನ್ನ ದನಿ ಅಂತ ಯಾವಾಗ ಗೊತ್ತಾತು?”

“ಮೊದಲನೇ ಮಾತಿಗೇ.”

“ಆಮ್ಯಾಲೆ?”

ನೀಲಾ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು.

“ಪೂರ್ತಿ ಕೇಳಿದೆ.”

ಅಷ್ಟರಲ್ಲಿ ಚೌಕಟ್ಟಿನ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಅತ್ತು ಅತ್ತು ಅವಳ ಕಣ್ಣುಗಳು ಕೆಂಪಾಗಿದ್ದವು.

“ಅಜ್ಜಾರ, ಒಂದೀಟು ಮಾತಾಡೂದಿತ್ತು.”

ನೀಲಾ ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡಳು. ಯೋಚನೆ ಮಾಡಲೂ ಇಲ್ಲ, ಸೀದಾ ಹೊಳೆಗೆ ಇಳಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬಿದಳು, ಚೆಲ್ಲಿದಳು, ಮತ್ತೆ ತುಂಬಿದಳು. ಆ ಹೆಂಗಸು ಊರಿನ ದಾರಿ ಹಿಡಿದದ್ದು ಕಂಡ ಮೇಲೆ ಕೊಡ ಹೊತ್ತು ಬಂದಳು.

“ಆಕಿ ಯಾಕ ಬಂದಿದ್ಲು?” ಅಜ್ಜ ಕೇಳಿದರು.

“ನನಗೇನ್ ಗೊತ್ತರಿ? ನಾ ಹೊಳ್ಯಾಗಿದ್ನಲ್ಲ.”

“ಇಲ್ಲೇ ಗ್ವಾಡಿ ಮಗ್ಗಲಕ ಕುಂತಿದ್ರ ಎಲ್ಲಾ ಕೇಳಸ್ತಿತ್ತು. ಬಾಗಲಾನ ಇಲ್ಲ.”

“ಇಲ್ಲಂದ್ರೇನಾತ್ರಿ? ಒಬ್ಬರು ತಮ್ಮ ಸಂಕಟ ಹೇಳ್ಕೊಳ್ಳಾಕತ್ತಾಗ ಕದ್ದು ಹ್ಯಾಂಗ...”

ಮಾತು ಅಲ್ಲಿಗೇ ನಿಂತುಹೋಯಿತು. ಕಂಕುಳಲ್ಲಿದ್ದ ಕೊಡ ಜಾರಿ ಬಿತ್ತು. ನೀರೆಲ್ಲ ಅವಳ ಕಾಲಮೇಲೆ ಚೆಲ್ಲಿತು. ಉಪಗ್ರಹಕ್ಕೆ ಕೀಲಿಯಿಲ್ಲ ಎಂದು ತಿಳಿದಾಗ ಅವಳಿಗೆ ಗಾಬರಿಯಾಗಿತ್ತು. ಈಗ ಆದ ಗಾಬರಿ ಅದಕ್ಕಿಂತ ದೊಡ್ಡದು. ತನ್ನ ಮುಖವನ್ನು ಎಲ್ಲಿಡುವುದೆಂದು ಅವಳಿಗೆ ತೋಚಲಿಲ್ಲ.

ಮೊಬೈಲ್ ತೆಗೆದು, ಅಜ್ಜನ ಕಣ್ಣೆದುರೇ ಆ ಮಾತುಕತೆಯನ್ನು ಅಳಿಸಿದಳು.

“ವಿಭಾಗದ ಕಂಪ್ಯೂಟರಿನ್ಯಾಗೂ ಅಳಸ್ತೀನ್ರಿ. ಸಭಾದಾಗ ನನ್ನ ದನೀನ ಮ್ಯಾಲೆ ಕಳಸ್ತೀನಿ, ನನ್ನ ದನೀನ ಕೆಳಗ ಹಿಡದು ಕೇಳಸ್ತೀನಿ. ಕಂಪನಿಯವರು ಕೀಲಿ ಹಾಕೂತನಕ ಅವರನ್ನ ಬಿಡೂದಿಲ್ಲ.”

“ಬಿಡಬ್ಯಾಡ.”

ಅಜ್ಜ ನಿಧಾನವಾಗಿ ಎದ್ದರು. ನೆಲದ ಮೇಲೆ ಉರುಳಿದ್ದ ಖಾಲಿ ಕೊಡವನ್ನು ಎತ್ತಿ, ಪಂಚೆಯ ಚುಂಗಿನಿಂದ ಒರೆಸಿ, ಅವಳ ಕೈಗೆ ಕೊಟ್ಟರು.

“ಅವರು ಕೀಲಿ ಹಾಕೂತನಕ ಇದು ಆ ಡಿಶ್ ಮಗ್ಗಲಕ ಇರಲಿ.”