ರೇವಣಯ್ಯನವರ ಹಾಲಿನ ವ್ರತ

ಹಿರೇಕಲ್ಲೂರಿನ ಗುಡ್ಡದ ಬುಡದಲ್ಲಿ ತಗಡು ಹೊದಿಸಿದ ಒಂದೇ ಕೋಣೆಯ ಮಠ. ಅಲ್ಲಿ ಪೂಜ್ಯ ಮಾತೋಶ್ರೀ ಪರ್ವತಮ್ಮ ತಾಯಿಯವರು ಎಪ್ಪತ್ತರ ಪ್ರಾಯದಲ್ಲೂ ತಾವೇ ಜೋಳ ಬೀಸಿ, ತಾವೇ ರೊಟ್ಟಿ ಬಡಿದು, ಬಂದವರಿಗೆಲ್ಲ ಬಡಿಸಿ, ಕೊನೆಗೆ ತಾವು ಉಣ್ಣುತ್ತಿದ್ದರು. ಅವರ ಸನ್ನಿಧಿಯಲ್ಲಿ ದಿನವೂ ಜನ ಕಿಕ್ಕಿರಿದಿರುತ್ತಿದ್ದರು. ಈ ಸುದ್ದಿ ಕೇಳಿದಾಗಲೆಲ್ಲ ಅವರ ಗುರುಬಂಧು ರೇವಣಯ್ಯನವರ ಎದೆಗೆ ಕೆಂಡ ಸುರಿದಂತಾಗುತ್ತಿತ್ತು.

ಇಬ್ಬರೂ ಒಬ್ಬರೇ ಗುರುಗಳ ಪಾದದಡಿ ಬೆಳೆದವರು. ಗುರುಗಳು ಲಿಂಗೈಕ್ಯರಾದ ಮೇಲೆ ಜನ ರೇವಣಯ್ಯನವರು ಅಕ್ಕ ಎನ್ನುತ್ತಿದ್ದ ತಾಯಿಯವರ ಕಡೆಗೇ ಹರಿದರು. ಓದಿನಲ್ಲಾಗಲಿ ಪೂಜೆಯಲ್ಲಾಗಲಿ ತಾವೇನು ಕಡಿಮೆ? ಮತ್ತೆ ಆಕೆಗೇಕೆ ಅಷ್ಟು ಮರ್ಯಾದೆ? ಈ ಉರಿಯಲ್ಲೇ ರೇವಣಯ್ಯನವರು ಹಠಕ್ಕೆ ಬಿದ್ದು ಅನ್ನ ಬಿಟ್ಟರು. ಹನ್ನೊಂದು ವರ್ಷ ಬರೀ ಬೆಲ್ಲ ಹಾಕಿದ ಹಾಲು. ಅಗಿಯುವುದೇ ಇಲ್ಲವೆಂದ ಮೇಲೆ ಉಜ್ಜುವುದೇಕೆ ಎಂದು ಬೇವಿನ ಕಡ್ಡಿಯನ್ನೂ ಬಿಟ್ಟರು. ಎಂಥ ತಪಸ್ಸು ನೋಡಿ! ಕೆಲಸವಿಲ್ಲದ ಹಲ್ಲುಗಳು ಅಲುಗಾಡತೊಡಗಿದವು, ವಸಡು ಬಾತು ಕೀವು ಕಟ್ಟಿತು. ಆ ಕೀವು ದಿನವೂ ಹೊಟ್ಟೆಗಿಳಿದು ಹಸಿವು ಸತ್ತಿತು, ಕೀಲುಗಳು ಹಿಡಿದವು, ಸಂಜೆಯಾದರೆ ಜ್ವರ. ಅವರಲ್ಲಿಗೆ ಬರುವ ಕೆಲವೇ ಭಕ್ತರು ಮಾರು ದೂರ ಕೂತು ಕೈಮುಗಿಯುತ್ತಿದ್ದುದು ಬಾಯಿಯ ವಾಸನೆಗೆ. ರೇವಣಯ್ಯನವರು ಮಾತ್ರ, ನನ್ನ ತೇಜಸ್ಸಿಗೆ ಅಂಜಿದ್ದಾರೆ ಎಂದುಕೊಂಡರು. ಹೀಗೇ ಬಿಟ್ಟರೆ ರಕ್ತಕ್ಕೆ ನಂಜೇರಿ ಜೀವಕ್ಕೇ ಸಂಚಕಾರ ಎಂದು ವೈದ್ಯರೊಬ್ಬರು ಹೇಳಿದರೂ ವ್ರತ ಬಿಡಲಿಲ್ಲ. ಬಿಟ್ಟರೆ ಅಕ್ಕ ಗೆದ್ದಂತಲ್ಲವೇ?

ಗುರುಗಳ ಪುಣ್ಯಾರಾಧನೆಯ ದಿನ ಮನಸ್ಸು ತಡೆಯದೆ ಹಿರೇಕಲ್ಲೂರಿಗೆ ಹೋದರು. ಪಂಕ್ತಿಗಳೆಲ್ಲ ಎದ್ದ ಮೇಲೆ ತಾಯಿಯವರು ಅವರನ್ನು ಎದುರಿಗೆ ಕೂರಿಸಿಕೊಂಡು ಊಟಕ್ಕೆ ಕೂತರು. ಇವರ ಮುಂದೆ ಹಾಲಿನ ಬಟ್ಟಲು. ಅಲ್ಲಿ ತಾಯಿಯವರು ಕಡಕ್ ರೊಟ್ಟಿ ಮುರಿದು, ಉಳ್ಳಾಗಡ್ಡಿ ಕಚ್ಚಿ, ನೆಮ್ಮದಿಯಾಗಿ ಅಗಿದು ಉಣ್ಣುತ್ತಿದ್ದರು. ಆ ಒಂದೊಂದು ಸದ್ದಿಗೂ ರೇವಣಯ್ಯನವರ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ತಮಗಿನ್ನೂ ಐವತ್ತೆಂಟು, ಎದ್ದು ನಿಂತರೆ ಕಾಲು ನಡುಗುತ್ತದೆ. ಈಕೆಗೆ ಹಲ್ಲೂ ಇದೆ, ಜನವೂ ಇದ್ದಾರೆ!

"ಹನ್ನೊಂದು ವರ್ಷ ಆತು, ಒಂದು ಅಗಳು ಮುಟ್ಟಿಲ್ಲ ನಾನು," ಎಂದು ಅಲ್ಲೇ ಉಳಿದಿದ್ದ ಭಕ್ತರ ಎದುರೇ ಸಿಡಿದರು. "ನೀ ದಿನಾ ಹೊಟ್ಟಿತುಂಬ ಉಣ್ತಿ. ಆದ್ರೂ ಮಂದಿ ನಿನ್ನ ಕಾಲಿಗೇ ಬೀಳ್ತಾರ. ಯಾಕ ಅಕ್ಕಾ?"

ತಾಯಿಯವರು ಸಿಟ್ಟಾಗಲಿಲ್ಲ. ಕೈ ತೊಳೆದು ಬಂದು ಅವರಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

"ಬಾಯಿ ತೆಗಿ," ಎಂದರು.

ನೋಡಿದರು. ಅವರ ಕಣ್ಣು ತುಂಬಿ ಬಂತು. ಬಿಸಿನೀರಿಗೆ ಉಪ್ಪು ಹಾಕಿ ತಂದು ಮುಕ್ಕಳಿಸಲು ಕೊಟ್ಟರು. ರಕ್ತ, ಕೀವು ಉಗುಳಿದ ತಟ್ಟೆಯನ್ನು ತಾವೇ ಹಿಡಿದುಕೊಂಡರು.

"ನಾಳಿ ಪ್ಯಾಟಿಗೆ ಹೋಗಿ ಕೆಟ್ಟ ಹಲ್ಲು ಕೀಳಿಸೂಣು, ನಾನೂ ಬರ್ತೀನಿ. ಉಳದ ಹಲ್ಲಿಗೆ ಕೆಲಸ ಕೊಡಬೇಕು," ಎಂದವರು ಆಮೇಲೆ ಮೆಲ್ಲಗೆ ಕೇಳಿದರು, "ತಮ್ಮಾ, ಈ ವ್ರತ ಯಾರ ಸಲುವಾಗಿ ಹಿಡದಿ?"

ರೇವಣಯ್ಯನವರು ದೇವರ ಸಲುವಾಗಿ ಎನ್ನಲು ಹೋದರು. ಗುರುಗಳ ಆರಾಧನೆಯ ದಿನ ಆ ಸುಳ್ಳು ನಾಲಗೆಯ ಮೇಲೆ ಬರಲಿಲ್ಲ.

"ನಿನ್ನ ಸೋಲಸಾಕ, ಅಕ್ಕಾ."

"ಹಂಗಾರ ನಾ ಸೋತೆ," ಎಂದರು ತಾಯಿಯವರು. "ಇನ್ನ ಉಣ್ಣು."

ಹನ್ನೊಂದು ವರ್ಷ ಹಂಬಲಿಸಿದ ಗೆಲುವು ಕೈಗೆ ಬಂದಿತ್ತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದೇ ರೇವಣಯ್ಯನವರಿಗೆ ತೋಚಲಿಲ್ಲ. ತಾಯಿಯವರು ರೊಟ್ಟಿಯನ್ನು ಬೇಳೆಸಾರಿನಲ್ಲಿ ಮೆತ್ತಗೆ ನೆನೆಸಿ ತುತ್ತು ಮಾಡಿ ಬಾಯಿಗಿಟ್ಟರು. ಅಗಿದರೆ ವಸಡು ನೋಯುತ್ತಿತ್ತು. ಆದರೂ ಅಗಿದರು, ಮಗುವಿನಂತೆ ಬಿಕ್ಕಿ ಬಿಕ್ಕಿ ಅಳುತ್ತಾ ಅಗಿದರು. ನುಂಗಿದ ಮೇಲೆ ಅಕ್ಕನ ಪಾದಕ್ಕೆ ಹಣೆ ಹಚ್ಚಿ, "ಇನ್ನೊಂದು ತುತ್ತು ಹಾಕಬೇ ಅಕ್ಕಾ," ಎಂದರು.