ಹವಾ ಬದಲಾವಣೆಗೆ ಹೋದ ಹಂಸದೋಣಿ

ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರವಾಸಿಗರು ಪೆಡಲ್ ತುಳಿದು ವಿಹರಿಸುವ ದೋಣಿಯೊಂದಿತ್ತು. ಅದರ ಆಕಾರ ಹಂಸದ್ದು, ಜಂಬವೂ ಹಂಸದ್ದೇ. ಒಂದು ಮಧ್ಯಾಹ್ನ ಪಕ್ಕದಲ್ಲಿ ಈಜುತ್ತಿದ್ದ ಬಾತುಕೋಳಿಯನ್ನು ಕಂಡು ಅದು, "ಏಯ್ ಗಿಡ್ಡಿ, ದೂರ ಸರಿ. ಈ ನೀರಿನಲ್ಲಿ ನನ್ನಷ್ಟು ಚೆನ್ನಾಗಿ ಈಜುವವರು ಇನ್ನಾರೂ ಇಲ್ಲ" ಎಂದಿತು.

"ನಿಜ ಸ್ವಾಮಿ. ಆದರೆ ತಮ್ಮ ಕಾಲುಗಳೆಲ್ಲಿ?" ಎಂದು ಬಾತುಕೋಳಿ ಕೇಳಿತು.

"ದಡದಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿವೆ. ಈಗ ಬರುತ್ತವೆ."

ಅಷ್ಟರಲ್ಲಿ ಜೋರು ಗಾಳಿ ಬೀಸಿ ದೋಣಿಯ ಹಗ್ಗ ಬಿಚ್ಚಿಕೊಂಡಿತು. ಹಂಸ ಹಿಮ್ಮುಖವಾಗಿ ತೇಲತೊಡಗಿತು.

"ಅಯ್ಯೋ, ಬೇಗ ಹತ್ತಿ ಪೆಡಲ್ ತುಳಿಯೇ ನನ್ನ ತಾಯಿ!" ಎಂದು ಅದು ಕೂಗಿಕೊಂಡಿತು.

ಬಾತುಕೋಳಿ ಕನಿಕರಪಟ್ಟು ಹಾರಿ ಸೀಟಿನ ಮೇಲೆ ಕುಳಿತಿತು. ಆದರೆ ಅದರ ಕಾಲು ಪೆಡಲಿಗೆ ಎಟುಕಲೇ ಇಲ್ಲ. ದೋಣಿ ಗಿರಗಿರನೆ ತಿರುಗುತ್ತ ಹೋಗಿ ಆಚೆ ದಡದ ಕೆಸರಿನಲ್ಲಿ ಹೂತುಕೊಂಡಿತು.

ಅಲ್ಲಿ ಮಲಗಿದ್ದ ಎಮ್ಮೆ ಕಣ್ಣು ತೆರೆದು, "ಯಾರಪ್ಪ ನೀನು?" ಎಂದು ಕೇಳಿತು.

"ಹವಾ ಬದಲಾವಣೆ ಬೇಕೆನಿಸಿತು. ಈಜಿಕೊಂಡು ಬಂದೆ" ಎಂದಿತು ಹಂಸ, ಬಹಳ ಗಂಭೀರವಾಗಿ. ಬಾತುಕೋಳಿ ನೀರಿಗೆ ಧುಮುಕಿತು.

"ಬಂದದ್ದು ಒಳ್ಳೆಯದಾಯಿತು" ಎನ್ನುತ್ತ ಎಮ್ಮೆ ಎದ್ದು ಬಂದು, ಹಂಸದ ಉದ್ದನೆಯ ಕತ್ತಿಗೆ ತನ್ನ ಕೆಸರು ಬೆನ್ನನ್ನು ಉಜ್ಜತೊಡಗಿತು. "ಮೈ ತುರಿಸಿಕೊಳ್ಳಲು ಈ ದಡದಲ್ಲಿ ಒಂದು ಮರವೂ ಇರಲಿಲ್ಲ."